ಗಾಜಿನ ಪೆಟ್ಟಿಗೆಯಲ್ಲಿ ಒಂದು ಸಮುದ್ರ ಕಟ್ಟಿ, ಆಮೇಲೆ ಅದನ್ನು ಎತ್ತಿದ್ದು

ಪದರಗಲ್ಲು ನೋಡಿದಾಗೆಲ್ಲ ನನ್ನನ್ನು ಕಾಡುವುದು ಒಂದೇ ಪ್ರಶ್ನೆ. ಇದರಲ್ಲಿ ಯಾವ ಕಡೆ ಮೇಲಿತ್ತು? ಮಟ್ಟಸವಾಗಿ ಮಲಗಿದ ಬಂಡೆಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ, ಕೆಳಗಿನದು ಹಳೆಯದು, ಮೇಲಿನದು ಹೊಸದು, ಅಷ್ಟೇ. 1669ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ನಿಕೋಲಾಸ್ ಸ್ಟೆನೋ ಬರೆದದ್ದೂ ಅದನ್ನೇ: ಪದರಗಳು ಮೊದಲು ಮಟ್ಟವಾಗಿ ಕೂರುತ್ತವೆ, ಒಂದರ ಮೇಲೊಂದು ಕೂರುತ್ತವೆ. ಆದರೆ ನೆಲ ಎದ್ದ ಕಡೆ ಪದರಗಳು ಗೋಡೆ ಹಾಗೆ ನೇರ ನಿಂತಿರುತ್ತವೆ, ಕೆಲವು ಕಡೆ ಪೂರ್ತಿ ಮಗುಚಿಕೊಂಡಿರುತ್ತವೆ. ಅಲ್ಲಿ ಮೇಲು ಕೆಳಗು ಗೊತ್ತಾಗದಿದ್ದರೆ ಕಥೆಯನ್ನು ಕೊನೆಯಿಂದ ಮೊದಲಿಗೆ ಓದಿಬಿಡುತ್ತೇವೆ. ಸಮುದ್ರ ಬಂತು ಅನ್ನಬೇಕಾದ ಕಡೆ ಸಮುದ್ರ ಹೋಯಿತು ಅಂದುಬಿಡುತ್ತೇವೆ.

ಹಾಗಾಗಿ ಪದರಗಳನ್ನು ನಾನೇ ಕೂರಿಸಿ, ನಾನೇ ಎತ್ತಿ, ನಾನೇ ಕೊರೆದು ನೋಡೋಣ ಅಂತ ಹೊರಟೆ. ಒಟ್ಟು ಎರಡೂವರೆ ತಿಂಗಳು ಹಿಡಿಯಿತು. ಮಾಡಬೇಕು ಅಂತಿರುವವರಿಗೆ ಉಪಯೋಗಕ್ಕೆ ಬರಲಿ ಅಂತ ಎಲ್ಲ ಬರೆದಿಡುತ್ತಿದ್ದೇನೆ, ಕೆಟ್ಟದ್ದನ್ನೂ ಸೇರಿಸಿ.

ಮೊದಲು ಪೆಟ್ಟಿಗೆ. 60 ಸೆಂಟಿಮೀಟರ್ ಉದ್ದ, 30 ಎತ್ತರ, 10 ಅಗಲ. ಅಗಲ ಕಡಿಮೆ ಇರಬೇಕು, ಯಾಕೆಂದರೆ ನಾವು ನೋಡುವುದು ಪಕ್ಕದಿಂದ. ಮೊದಲ ಸಲ ಅಕ್ರಿಲಿಕ್ ಹಾಳೆ ತಗೊಂಡು ಸಿಲಿಕೋನ್ ಹಾಕಿ ಅಂಟಿಸಿದೆ. ಒಂದು ದಿನ ಚೆನ್ನಾಗಿಯೇ ನಿಂತಿತ್ತು. ಎರಡನೇ ದಿನ ಕೆಳಗಿನ ಮೂಲೆಯಲ್ಲಿ ಒಂದು ಹನಿ, ಸಂಜೆ ಹೊತ್ತಿಗೆ ಸಿಲಿಕೋನ್ ಪಟ್ಟಿ ಟೇಪ್ ಹಾಗೆ ಉದ್ದಕ್ಕೂ ಕಿತ್ತು ಬಂತು. ಅಕ್ರಿಲಿಕ್‌ಗೆ ಸಿಲಿಕೋನ್ ಸರಿಯಾಗಿ ಹಿಡಿಯುವುದಿಲ್ಲ, ಗಾಜಿಗೆ ಹಿಡಿಯುತ್ತದೆ, ಮೀನಿನ ತೊಟ್ಟಿಗಳು ನಿಂತಿರುವುದೇ ಹಾಗೆ. ಎರಡನೇ ಪೆಟ್ಟಿಗೆಗೆ 6 ಮಿಲಿಮೀಟರ್ ಗಾಜು ಹಾಕಿದೆ. ಅಂಚುಗಳನ್ನು ಉಜ್ಜಿ ಮೊಂಡು ಮಾಡಿ, ಸ್ಪಿರಿಟ್ ಹಾಕಿ ಒರೆಸಿ, ಅಂಟಿಸಿ ಮೂರು ದಿನ ಮುಟ್ಟಲಿಲ್ಲ. ಉದ್ದದ ಗೋಡೆ ನಡುವೆ ಹೊರಕ್ಕೆ ಉಬ್ಬದ ಹಾಗೆ ಮೇಲ್ಗಡೆ ಅಡ್ಡಕ್ಕೆ ಒಂದು ಕ್ಲಾಂಪ್. ಇದನ್ನು ಬಿಡಬೇಡಿ. 30 ಸೆಂಟಿಮೀಟರ್ ನೀರು ನಿಂತರೆ ಒಂದೊಂದು ಉದ್ದದ ಗೋಡೆ ಮೇಲೂ ಸುಮಾರು 27 ಕಿಲೋ ತೂಕದಷ್ಟು ಒತ್ತಡ ಬೀಳುತ್ತದೆ. ಪೆಟ್ಟಿಗೆ ಕೆಳಗೆ ದಪ್ಪ ಪ್ಲೈವುಡ್, ಅದರ ಮೇಲೆ ತೆಳು ರಬ್ಬರ್ ಹಾಳೆ. ಮುಂದೆ ಓರೆ ಮಾಡುವಾಗ ಎತ್ತುವುದು ಪ್ಲೈವುಡ್ಡನ್ನು, ಗಾಜನ್ನಲ್ಲ.

ಗಾಜಿಗೆ ತೂತು ಕೊರೆಯುವ ಗೋಜಿಗೆ ಹೋಗಲಿಲ್ಲ. ಒಂದು ತೆಳು ಟ್ಯೂಬನ್ನು ಮೂಲೆಯಲ್ಲಿ ಕೆಳಗಿಳಿಸಿ ತಳದ ಉದ್ದಕ್ಕೂ ಮಲಗಿಸಿದೆ. ಮಲಗಿದ ಭಾಗಕ್ಕೆ ಸೂಜಿ ಕಾಯಿಸಿ ಸಾಲಾಗಿ ತೂತು, ಮೇಲೆ ಹತ್ತಿ ಬಟ್ಟೆ ಸುತ್ತಿ ದಾರ. ಅದರ ಮೇಲೆ 1 ಸೆಂಟಿಮೀಟರ್ ಸಣ್ಣ ಜಲ್ಲಿ. ನೀರು ತೆಗೆಯುವುದಕ್ಕೆ ಟ್ಯೂಬಿನ ಹೊರತುದಿಯನ್ನು ಕೆಳಗೆ ಇಳಿಬಿಟ್ಟು ಎಳೆದರೆ ಆಯಿತು. ಈ ಟ್ಯೂಬ್ ಮುಂದೆ ಇನ್ನೊಂದು ಕೆಲಸಕ್ಕೂ ಬಂತು, ಅದನ್ನು ಆಮೇಲೆ ಹೇಳುತ್ತೇನೆ.

ಪದರ ಹಾಕುವುದಕ್ಕೆ ಮುಂಚೆ ಒಂದು ವಾರ ಸುಮ್ನೆ ಬಾಟಲಿಗಳಲ್ಲಿ ಆಟ ಆಡಿದೆ. ಮರಳು, ಹೂಳು, ಜೇಡಿಮಣ್ಣು ಮೂರನ್ನೂ ಉದ್ದ ಬಾಟಲಿಗೆ ಹಾಕಿ ಕುಲುಕಿ ಇಡುವುದು, ನೋಡುವುದು. ಇದನ್ನು ಎಲ್ಲರೂ ಮಾಡಿರುತ್ತೀರಿ. ಆದರೆ ಗಡಿಯಾರ ಹಿಡಿದು ಮಾಡಿ ನೋಡಿ, ಬೇರೆಯೇ ಅನಿಸುತ್ತದೆ. ಇಷ್ಟು ಸಣ್ಣ ಕಣಗಳಲ್ಲಿ ಕಣದ ಅಡ್ಡಳತೆ ಹತ್ತರಲ್ಲಿ ಒಂದಾದರೆ ಅದು ಮುಳುಗುವ ವೇಗ ನೂರರಲ್ಲಿ ಒಂದಾಗುತ್ತದೆ. 0.1 ಮಿಲಿಮೀಟರಿನ ಮರಳಿನ ಕಣ ಸೆಕೆಂಡಿಗೆ ಹೆಚ್ಚುಕಡಿಮೆ 9 ಮಿಲಿಮೀಟರ್ ಇಳಿಯುತ್ತದೆ, 30 ಸೆಂಟಿಮೀಟರಿಗೆ ಅರ್ಧ ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಸಾಕು. 0.01 ಮಿಲಿಮೀಟರಿನ ಹೂಳಿಗೆ ಅಷ್ಟೇ ದೂರಕ್ಕೆ ಸುಮಾರು ಒಂದು ಗಂಟೆ. 0.002 ಮಿಲಿಮೀಟರಿನ ಜೇಡಿಗೆ ಒಂದು ಇಡೀ ದಿನ. ಅಂದರೆ ನುಣುಪಾದ ಜೇಡಿಗಲ್ಲಿನ ಪದರ ಕಂಡರೆ, ಅದು ಕೂರುವ ತನಕ ಆ ನೀರನ್ನು ಯಾರೂ ಕಲಕಿಲ್ಲ ಅಂತ ಅರ್ಥ. ಕಲ್ಲಿನಲ್ಲಿ ಹಳೆಯ ಜಾಗದ ಗುರುತು ಸಿಗುವುದು ಇಲ್ಲಿಂದಲೇ. ದಪ್ಪ ಕಣ ಇದ್ದರೆ ರಭಸದ ನೀರು, ಸಣ್ಣ ಕಣ ಇದ್ದರೆ ನಿಂತ ನೀರು.

ನಿಜವಾದ ಜೇಡಿ ಮಾತ್ರ ಬಾಟಲಿಯಲ್ಲಿ ಮೂರು ದಿನವಾದರೂ ತಿಳಿಯಾಗಲಿಲ್ಲ. ಅದಕ್ಕೆ ಉಪ್ಪು ಹಾಕಬೇಕು. ಉಪ್ಪು ಬಿದ್ದರೆ ಜೇಡಿಕಣಗಳು ಒಂದಕ್ಕೊಂದು ಅಂಟಿ ಹಿಂಜಿದ ಹತ್ತಿ ಹಾಗೆ ಮುದ್ದೆಯಾಗಿ ಇಳಿಯುತ್ತವೆ, ಬೆಳಗಾಗುವುದರೊಳಗೆ ನೀರು ತಿಳಿ. ನದಿ ಸಮುದ್ರ ಸೇರುವ ಕಡೆ ಕೆಸರು ಬೇಗ ಕೂರುವುದಕ್ಕೂ ಇದು ಒಂದು ಕಾರಣ. ಆದರೆ ಮೊದಲೇ ಉಪ್ಪು ಹಾಕಿದರೆ ಹೂಳನ್ನೂ ಜೊತೆಗೆ ಎಳೆದುಕೊಂಡು ಇಳಿದು ಎಲ್ಲ ಕಲಸಿದಂತಾಗುತ್ತದೆ. ಹೂಳು ಕೂರಲಿ, ಒಂದೂವರೆ ಗಂಟೆ ಬಿಡಿ, ಆಮೇಲೆ ಉಪ್ಪುನೀರನ್ನು ಮೇಲಿಂದ ಮೆಲ್ಲಗೆ ಬಿಡಿ.

ಈಗ ಪೆಟ್ಟಿಗೆ. ಮೊದಲನೆಯದು ನದಿ. 6 ಸೆಂಟಿಮೀಟರ್ ನೀರು ನಿಲ್ಲಿಸಿ, ಎಡತುದಿಯಿಂದ ಮರಳು ಕಲಸಿದ ನೀರನ್ನು ತೆಳುವಾಗಿ ಬಿಡುತ್ತಾ ಹೋದೆ, ಒಂದು ಲೋಟ ಬಿಳಿ ಮರಳು, ಒಂದು ಲೋಟ ಕಪ್ಪು ಮರಳು. ಮರಳು ಎಡಗಡೆ ದಿಬ್ಬವಾಗಿ ಬೆಳೆದು, ಅದರ ಮುಂದಿನ ಮುಖದಿಂದ ಜಾರಿ ಜಾರಿ ಬಲಕ್ಕೆ ಸರಿಯುತ್ತದೆ. ಪ್ರತಿ ಜಾರಿಗೂ ಒಂದು ಓರೆ ಗೆರೆ. ಕೋನಮಾಪಕ ಇಟ್ಟು ನೋಡಿದೆ, 30 ಡಿಗ್ರಿ ಆಚೀಚೆ. ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಈ ಗೆರೆಗಳು ಓರೆಯಾಗಿರುವುದು ನೆಲ ಎದ್ದಿದ್ದರಿಂದ ಅಲ್ಲ, ಹುಟ್ಟಿನಿಂದಲೇ ಓರೆ. ಹೊಸಬರು ಇದನ್ನು ನೋಡಿ ಬಂಡೆ ವಾಲಿದೆ ಅಂದುಕೊಳ್ಳುತ್ತಾರೆ. ಪದರದ ಒಳಗಿನ ಗೆರೆಗಳನ್ನು ಬಿಟ್ಟು, ಇಡೀ ಪದರದ ಮೇಲಂಚು ಕೆಳಂಚು ನೋಡಬೇಕು. ಅವು ಮಟ್ಟವಾಗಿದ್ದರೆ ಬಂಡೆ ಮಟ್ಟವಾಗಿದೆ.

ನದಿಯ ಮೇಲೆ ಒಂದೂವರೆ ಸೆಂಟಿಮೀಟರ್ ಜೇಡಿ, ಕೆಂಪು ಬಣ್ಣದ ಪುಡಿ ಸೇರಿಸಿದ್ದು. ನೀರು ತೆಗೆದು ಫ್ಯಾನ್ ಹಾಕಿ ನಾಲ್ಕು ದಿನ ಒಣಗಿಸಿದೆ. ನೆರೆ ಇಳಿದ ಮೇಲಿನ ಬಯಲು ಅಂದುಕೊಳ್ಳಿ. ಎರಡನೇ ದಿನ ಬಿರುಕು ಶುರು, ನಾಲ್ಕನೇ ದಿನ ಐದಾರು ಮೂಲೆಯ ಬಿಲ್ಲೆಗಳು, ಅಂಚು ಸ್ವಲ್ಪ ಮೇಲಕ್ಕೆ ಸುರುಳಿ. ಬಿರುಕನ್ನು ಗಾಜಿನ ಪಕ್ಕದಿಂದ ನೋಡಿದರೆ ಬೆಣೆ ಆಕಾರ, ಮೇಲೆ ಅಗಲ, ಕೆಳಗೆ ಚೂಪು. ಮುಂದೆ ಅದಕ್ಕೆ ಮೇಲಿನ ಮರಳು ಇಳಿದು ತುಂಬಿಕೊಳ್ಳುತ್ತದೆ. ಕಲ್ಲು ಎಷ್ಟೇ ಮಗುಚಿದರೂ ಬೆಣೆಯ ಚೂಪು ತುದಿ ತೋರಿಸುವುದು ಹಳೆಯ ಕೆಳಗನ್ನೇ. ಇದು ನನಗೆ ಬೇಕಾಗಿದ್ದ ಮೊದಲ ಬಾಣದ ಗುರುತು.

ಇಲ್ಲೇ ಕೆಲಸ ಕೆಟ್ಟಿತು. ಒಣಗಿದ ಜೇಡಿ ಮೇಲೆ ಸಮುದ್ರ ತರಬೇಕು ಅಂತ ಮೇಲಿಂದ ನೀರು ಹೊಯ್ದೆ, ನಿಧಾನವಾಗಿಯೇ ಹೊಯ್ದೆ. ಎರಡು ನಿಮಿಷ ಏನೂ ಆಗಲಿಲ್ಲ. ಆಮೇಲೆ ಕೆಳಗಿನ ಒಣ ಮರಳಿನಲ್ಲಿ ಸಿಕ್ಕಿಕೊಂಡ ಗಾಳಿ ದಾರಿ ಹುಡುಕಿಕೊಂಡು ಮೇಲೆ ಬಂತು. ಮೂರು ಕಡೆ ಜೇಡಿ ಬಿಲ್ಲೆ ಎದ್ದು ಪಕ್ಕಕ್ಕೆ ಬಿತ್ತು, ಕೆಳಗಿನ ಮರಳು ಬುಗ್ಗೆ ಹಾಗೆ ಉಕ್ಕಿ ಸಣ್ಣ ಗುಡ್ಡೆ ಕಟ್ಟಿತು. ನಾಲ್ಕು ದಿನದ ಕೆಲಸ. ನೋಡುವುದಕ್ಕೆ ಮಾತ್ರ ತುಂಬಾ ಚೆನ್ನಾಗಿತ್ತು. ಭೂಕಂಪದಲ್ಲಿ ನೀರು ಕುಡಿದ ಮರಳು ನೆಲ ಒಡೆದು ಮೇಲೆ ಬರುತ್ತದಲ್ಲ, ಅಲ್ಲಿ ತಳ್ಳುವುದು ನೀರು, ಇಲ್ಲಿ ಗಾಳಿ, ಆದರೆ ಉಳಿಯುವ ಗುರುತು ಹೆಚ್ಚುಕಡಿಮೆ ಒಂದೇ ಥರ.

ಸರಿ ಮಾಡಿದ್ದು ಹೀಗೆ. ಹಾಳಾದ ಜೇಡಿ ಕೆರೆದು ತೆಗೆದು ಮತ್ತೆ ಹಾಕಿ, ಮತ್ತೆ ನಾಲ್ಕು ದಿನ ಒಣಗಿಸಿ, ಈ ಸಲ ನೀರನ್ನು ಅದೇ ತಳದ ಟ್ಯೂಬಿನಿಂದ ಕೊಟ್ಟೆ. ಬಕೆಟನ್ನು ಪೆಟ್ಟಿಗೆಗಿಂತ ಸ್ವಲ್ಪ ಎತ್ತರಕ್ಕೆ ಇಟ್ಟು, ಟ್ಯೂಬಿಗೆ ಕ್ಲಿಪ್ ಹಾಕಿ ತೊಟ್ಟಿಕ್ಕುವಷ್ಟೇ ಬಿಟ್ಟರೆ ನೀರು ಕೆಳಗಿಂದ ಏರುತ್ತಾ ಗಾಳಿಯನ್ನು ಮೇಲಕ್ಕೆ ತಳ್ಳಿಕೊಂಡು ಹೋಗುತ್ತದೆ. ಗಾಳಿ ಬಿರುಕಿನಿಂದಲೇ ಆಚೆ ಹೋಯಿತು. ಐದು ಗಂಟೆ ಹಿಡಿಯಿತು. ಒಂದು ಬಿಲ್ಲೆಯೂ ಅಲುಗಲಿಲ್ಲ. ಈ ಪ್ರಾಜೆಕ್ಟಿನಲ್ಲಿ ಒಂದೇ ಒಂದು ಮಾತು ನೆನಪಿಡಿ ಅಂದರೆ ಇದನ್ನೇ ಹೇಳುತ್ತೇನೆ: ಒಣಗಿದ ಪದರಕ್ಕೆ ನೀರು ಕೆಳಗಿಂದ.

ಆಮೇಲೆ ದಡದ ಮರಳು, 2 ಸೆಂಟಿಮೀಟರ್. ಒಂದು ತುದಿಯಲ್ಲಿ ಸಣ್ಣ ಹಲಗೆ ಇಳಿಸಿ ಹಿಂದೆ ಮುಂದೆ, ಸೆಕೆಂಡಿಗೆ ಒಂದು ಸಲ, ಇಪ್ಪತ್ತು ನಿಮಿಷ. ತೋಳು ಬಿದ್ದುಹೋಯಿತು ಅನ್ನುವಷ್ಟರಲ್ಲಿ ಮರಳಿನ ಮೇಲೆ ಅಲೆಗೆರೆ ಮೂಡಿತು, ಎರಡೂ ಕಡೆ ಒಂದೇ ಇಳಿಜಾರು, ತುದಿ ಚೂಪು, ನಡುವಿನ ತಗ್ಗು ದುಂಡಗೆ. ಒಂದೇ ಕಡೆ ಹರಿಯುವ ನೀರಾದರೆ ಗೆರೆಯ ಒಂದು ಮುಖ ಕಡಿದಾಗಿ, ಅದು ಹರಿವು ಹೋಗುವ ದಿಕ್ಕನ್ನು ತೋರಿಸುತ್ತಿತ್ತು. ಇದು ಅಲೆ, ಹಾಗಾಗಿ ಎರಡೂ ಕಡೆ ಸಮ. ಚೂಪು ತುದಿ ಮೇಲಕ್ಕೆ. ಎರಡನೇ ಬಾಣ. ಗೆರೆ ಕೆಡದ ಹಾಗೆ ನೀರಿನ ಮೇಲೆ ತೇಲುವ ಸ್ಪಂಜಿನ ಹಾಳೆ ಇಟ್ಟು, ಅದರ ಮೇಲೆ ಹೂಳು ನೀರು ಹನಿಸಿದೆ. ಹೂಳು 1 ಸೆಂಟಿಮೀಟರ್, ಅದರ ಮೇಲೆ ಉಪ್ಪು ಕೊಟ್ಟು ಕೂರಿಸಿದ ಬೂದು ಜೇಡಿ 1 ಸೆಂಟಿಮೀಟರ್.

ಒಂದು ನಿಮಿಷ ಇಲ್ಲಿ ನಿಂತು ಪದರಗಳನ್ನು ಕೆಳಗಿಂದ ನೋಡಿ. ನದಿ ಮರಳು, ಒಣಗಿದ ಬಯಲು, ದಡ, ಆಳವಿಲ್ಲದ ನೀರಿನ ಹೂಳು, ಆಳದ ಜೇಡಿ. ಒಂದು ಕರಾವಳಿಯಲ್ಲಿ ಇವೆಲ್ಲ ಅಕ್ಕಪಕ್ಕ ಇರುತ್ತವೆ, ಒಳನಾಡಿನಿಂದ ಸಮುದ್ರದ ಕಡೆ ನಡೆದರೆ ಇದೇ ಸಾಲಿನಲ್ಲಿ ಸಿಗುತ್ತವೆ. ಸಮುದ್ರ ನೆಲದ ಮೇಲೆ ಏರಿ ಬಂದಾಗ ಆ ಅಡ್ಡ ಸಾಲೇ ಒಂದರ ಮೇಲೊಂದು ಕೂತು ಉದ್ದ ಸಾಲಾಗುತ್ತದೆ. 1894ರಲ್ಲಿ ಯೊಹಾನೆಸ್ ವಾಲ್ಟರ್ ಹೇಳಿದ್ದು ಇದನ್ನೇ, ಭೂವಿಜ್ಞಾನದಲ್ಲಿ ವಾಲ್ಟರ್ ನಿಯಮ ಅನ್ನುತ್ತಾರೆ. ಒಂದು ಕಂಬದಷ್ಟು ಕಲ್ಲಿನಿಂದ ಇಡೀ ಕರಾವಳಿಯ ನಕ್ಷೆ ಬಿಡಿಸಬಹುದು. ನನಗೆ ಇದು ಓದಿದಾಗ ಅರ್ಥವಾಗಿರಲಿಲ್ಲ, ಕೈಯಾರೆ ಹಾಕುವಾಗ ಅರ್ಥವಾಯಿತು.

ಕೊನೆಗೆ ಒಂದು ಕುಸಿತ. ಸಮುದ್ರದ ಇಳಿಜಾರಿನಲ್ಲಿ ಕೆಸರು ಕುಸಿದು ನೀರಿನ ಕೆಳಗೇ ಹೊಳೆ ಹಾಗೆ ನುಗ್ಗುತ್ತದೆ. 1929ರಲ್ಲಿ ಕೆನಡಾದ ಗ್ರ್ಯಾಂಡ್ ಬ್ಯಾಂಕ್ಸ್ ಹತ್ತಿರ ಭೂಕಂಪ ಆದಾಗ ಸಮುದ್ರದ ತಳದ ಟೆಲಿಗ್ರಾಫ್ ಕೇಬಲ್‌ಗಳು ಒಂದರ ನಂತರ ಒಂದು, ಆಳದ ಕಡೆಗೆ ಸಾಲಾಗಿ ತುಂಡಾಗಿದ್ದು ಇಂಥದ್ದರಿಂದಲೇ. ನಾನು ದಪ್ಪ ಸಣ್ಣ ಎಲ್ಲ ಕಣ ಸೇರಿಸಿ ಗಟ್ಟಿಯಾಗಿ ಕಲಸಿ, ಒಂದು ಓರೆ ತಗಡಿನ ಮೇಲಿಂದ ಒಂದೇ ಸಲಕ್ಕೆ ಬಿಟ್ಟೆ. ಮೂರು ಸೆಕೆಂಡಿನಲ್ಲಿ ಆಚೆ ತುದಿ ಮುಟ್ಟಿತು.

ಮಾರನೇ ದಿನ ಭೂತಗನ್ನಡಿ ಹಿಡಿದು ಆ ಒಂದೂವರೆ ಸೆಂಟಿಮೀಟರನ್ನು ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ತಳದಲ್ಲಿ ಸಾಸಿವೆಯಷ್ಟು ದಪ್ಪ ಕಣ, ಅದರ ಮೇಲೆ ರವೆಯಷ್ಟು, ಆಮೇಲೆ ಕಣ ಬಿಡಿಯಾಗಿ ಕಾಣುವುದೇ ನಿಂತು ಬರೀ ಬಣ್ಣ, ತುದಿಗೆ ಗಾಜಿಗೆ ಬಳಿದಂತೆ ಜೇಡಿ. ಎಲ್ಲೂ ಗಡಿ ಇಲ್ಲ, ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಅಂತ ಬೆರಳಿಡುವುದಕ್ಕೆ ಆಗುವುದಿಲ್ಲ. ತಳದ ಗಡಿ ಮಾತ್ರ ಚಾಕುವಿನಲ್ಲಿ ಕೊಯ್ದ ಹಾಗೆ. ಅದೂ ಕೆಲವು ಕಡೆ ಭಾರದ ಮರಳು ಮೆತ್ತನೆ ಜೇಡಿಯೊಳಗೆ ಗುಂಡಗೆ ಇಳಿದು, ಎರಡು ಗುಂಡುಗಳ ನಡುವೆ ಜೇಡಿ ದೀಪದ ಕುಡಿ ಹಾಗೆ ಮೇಲಕ್ಕೆ ಎದ್ದಿತ್ತು. ಇದನ್ನು ನಾನು ಮಾಡಲಿಲ್ಲ, ತಾನಾಗಿ ಆಯಿತು. ಮೂರನೇ ಬಾಣ, ನಾಲ್ಕನೇ ಬಾಣ ಒಟ್ಟಿಗೆ ಸಿಕ್ಕವು.

ಮೇಲೆ ತೆಳುವಾಗಿ ಬಿಳಿ ಚಾಕ್ ಪುಡಿ ಹಾಕಿ ಸಮುದ್ರ ಮುಗಿಸಿದೆ. ಸುಣ್ಣ ಹಾಕಬೇಡಿ, ಕೈ ಸುಡುತ್ತದೆ. ಒಟ್ಟು 12 ಸೆಂಟಿಮೀಟರ್.

ಈಗ ಎತ್ತುವುದು. ಮೊದಲು 25 ಡಿಗ್ರಿ ಓರೆ ಮಾಡೋಣ ಅಂತಿದ್ದೆ, ಆದರೆ ಕಾಗದದ ಮೇಲೆ ಬಿಡಿಸಿ ನೋಡಿದಾಗ ಆಮೇಲಿನ ಪದರಗಳಿಗೆ ಪೆಟ್ಟಿಗೆಯಲ್ಲಿ ಜಾಗವೇ ಉಳಿಯಲಿಲ್ಲ. 15ಕ್ಕೆ ಇಳಿಸಿದೆ. 60 ಸೆಂಟಿಮೀಟರ್ ಉದ್ದಕ್ಕೆ 15 ಡಿಗ್ರಿ ಅಂದರೆ ಒಂದು ತುದಿ ಹದಿನೈದೂವರೆ ಸೆಂಟಿಮೀಟರ್ ಏರಬೇಕು. ನೀರು ಪೂರ್ತಿ ಬಸಿದು, ಮರಳು ಒದ್ದೆಯಾಗಿದ್ದರೂ ಹನಿ ಬಿಡದ ಹದಕ್ಕೆ ಬರುವ ತನಕ ಎರಡು ದಿನ ಕಾದೆ. ನೀರು ತುಂಬಿಕೊಂಡಿದ್ದಾಗ ಎತ್ತಿದರೆ ಎಲ್ಲ ಜಾರುತ್ತದೆ. ಪ್ಲೈವುಡ್ ಕೆಳಗೆ ಒಂದೊಂದೇ ಹಲಗೆ ತೂರಿಸುತ್ತಾ ಒಂದು ಸಂಜೆ ಪೂರ್ತಿ ತಗೊಂಡೆ. ಪರ್ವತಗಳು ಏರುವುದು ಇದಕ್ಕಿಂತ ಎಷ್ಟೋ ನಿಧಾನ. ವರ್ಷಕ್ಕೆ 1 ಮಿಲಿಮೀಟರ್ ಅಂದರೂ 10 ಲಕ್ಷ ವರ್ಷಕ್ಕೆ 1 ಕಿಲೋಮೀಟರ್ ಆಗುತ್ತದೆ, ಅಷ್ಟು ಕಾಲ ಸಿಕ್ಕರೆ ಸಮುದ್ರದ ತಳ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಎವರೆಸ್ಟ್ ತುದಿಯ ಸುಣ್ಣಕಲ್ಲಿನಲ್ಲಿ 40 ಕೋಟಿ ವರ್ಷಕ್ಕಿಂತ ಹಳೆಯ ಸಮುದ್ರಜೀವಿಗಳ ಚೂರುಗಳಿವೆ.

ಓರೆಯಾದ ಮೇಲೆ ಕೊರೆತ. ಉದ್ದ ಪಾರದರ್ಶಕ ಟ್ಯೂಬಿನಲ್ಲಿ ನೀರು ತುಂಬಿಸಿ ಎರಡೂ ತುದಿಗೆ ಮಟ್ಟ ಹಿಡಿದು, ಗಾಜಿನ ಮೇಲೆ ಮಾರ್ಕರಿನಲ್ಲಿ ನೆಲಕ್ಕೆ ಸಮವಾದ ಗೆರೆ ಎಳೆದೆ. ಗೆರೆಗಿಂತ ಮೇಲಿದ್ದದ್ದನ್ನೆಲ್ಲ ಸ್ಟೀಲ್ ಸ್ಕೇಲಿನಲ್ಲಿ ಕೆರೆದು ತಗ್ಗಿನ ಮೂಲೆಗೆ ತಳ್ಳಿದೆ. ಅಲ್ಲಿ ಚಾಕಿನ ಚೂರು, ಬೂದು ಜೇಡಿಯ ಉಂಡೆ, ಕೆಂಪು ಬಿಲ್ಲೆಯ ತುಂಡು ಎಲ್ಲ ಸೇರಿ ಒಂದು ಕಲಬೆರಕೆ ಪದರ ಆಯಿತು. ಅದು ಹಾಗೇ ಇರಲಿ, ಬೇಕು. ಹಳೆಯ ಪದರದ ಚೂರು ಹೊಸ ಪದರದಲ್ಲಿ ಸಿಕ್ಕರೆ, ಹಳೆಯದು ಮೊದಲು ಗಟ್ಟಿಯಾಗಿ, ಎದ್ದು, ಒಡೆದಿತ್ತು ಅಂತ ಅದೇ ಸಾಕ್ಷಿ ಹೇಳುತ್ತದೆ. ಆಮೇಲೆ ಬೇರೆ ಕೆಲಸ ಬಂದು ಪೆಟ್ಟಿಗೆಯನ್ನು ಹಾಗೇ ಬಿಟ್ಟಿದ್ದೆ. ವಾಪಸ್ ಬಂದು ಕೆಳಗಿಂದ ನೀರು ಕೊಟ್ಟು, ಸ್ಪಂಜಿನ ಮೇಲಿಂದ ಹೊಸ ಮರಳು, ಹೂಳು, ಮರಳು, ಹೂಳು, ಮಟ್ಟವಾಗಿ.

ಕೊರೆದ ಓರೆ ಪದರಗಳ ಮೇಲೆ ಹೊಸ ಪದರ ಮಟ್ಟವಾಗಿ ಕೂತ ಈ ಗಡಿಗೆ ಅನ್‌ಕನ್ಫಾರ್ಮಿಟಿ ಅನ್ನುತ್ತಾರೆ. 1788ರಲ್ಲಿ ಭೂವಿಜ್ಞಾನಿ ಜೇಮ್ಸ್ ಹಟನ್, ಅವನ ಗೆಳೆಯರಾದ ಜಾನ್ ಪ್ಲೇಫೇರ್, ಜೇಮ್ಸ್ ಹಾಲ್ ಮೂವರೂ ದೋಣಿಯಲ್ಲಿ ಹೋಗಿ ಸ್ಕಾಟ್ಲೆಂಡಿನ ಸಿಕ್ಕಾರ್ ಪಾಯಿಂಟ್‌ನಲ್ಲಿ ನೋಡಿದ್ದು ಇದನ್ನೇ. ಕೆಳಗೆ ನೇರ ನಿಂತ ಬೂದು ಪದರ, ಸುಮಾರು 43 ಕೋಟಿ ವರ್ಷ ಹಳೆಯದು. ಅದರ ತಲೆ ಕತ್ತರಿಸಿದ ಹಾಗೆ ಮೇಲೆ ಮಲಗಿದ ಕೆಂಪು ಮರಳುಗಲ್ಲು, ಸುಮಾರು 37 ಕೋಟಿ ವರ್ಷದ್ದು. ಆ ಬೂದು ಪದರಗಳು ಸಮುದ್ರದ ಕುಸಿತದಿಂದ ಕೂತವು, ನನ್ನ ಒಂದೂವರೆ ಸೆಂಟಿಮೀಟರಿನ ಹಾಗೇ ದಪ್ಪ ಕಣದಿಂದ ಸಣ್ಣ ಕಣಕ್ಕೆ ಹೋಗುತ್ತವೆ. ನೇರ ನಿಂತಿದ್ದರೂ ಯಾವ ಮುಖ ಮೇಲಿತ್ತು ಅಂತ ಹೇಳಬಹುದು. ಆ ದೋಣಿಯಲ್ಲಿದ್ದ ಹಾಲ್ ಮುಂದೆ ಬಟ್ಟೆಯ ಪದರಗಳನ್ನು, ಜೇಡಿಯ ಪದರಗಳನ್ನು ಪಕ್ಕದಿಂದ ಅದುಮಿ ಮಡಿಕೆ ಬೀಳಿಸಿ ನೋಡಿದ. ಇಂಥ ಪೆಟ್ಟಿಗೆಗಳ ವಂಶ ಅಲ್ಲಿಂದ ಶುರು.

ಎಲ್ಲ ಬಸಿದ ಮೇಲೆ ಪೆಟ್ಟಿಗೆಯನ್ನು ಮತ್ತೆ ಮೇಜಿನ ಮೇಲೆ ಮಟ್ಟಕ್ಕೆ ಇಟ್ಟೆ, ಓರೆ ಇದ್ದರೆ ಬೀಳುತ್ತದೆ ಅಂತ. ಅದರಿಂದ ಏನಾಯಿತು ಅಂತ ಆಗ ಹೊಳೆಯಲಿಲ್ಲ. ಅಕ್ಕ ಬಂದಳು, ಅವಳು ಒಂದು ದಿನವೂ ಕೆಲಸ ನೋಡಿರಲಿಲ್ಲ. ಕೋನಮಾಪಕ, ಭೂತಗನ್ನಡಿ ಕೊಟ್ಟು, ಓದು ಅಂದೆ.

"ಕೆಳಗಿನದು ಮಟ್ಟ ಇದೆ, ಮೇಲಿನದು ವಾಲಿದೆ ಕಣೋ. ಮೇಲಿನದನ್ನು ಮಾತ್ರ ಹೇಗೆ ವಾಲಿಸಿದೆ?"

ನಾನು ಬಾಯಿ ಬಿಡಲಿಲ್ಲ. ಅವಳು ಬಿರುಕಿನ ಬೆಣೆ ನೋಡಿದಳು, ಅಲೆಗೆರೆ ನೋಡಿದಳು, ಎಲ್ಲ ಮೇಲ್ಮುಖ ಅಂದಳು. ಕಲಬೆರಕೆಯಲ್ಲಿ ಚಾಕಿನ ಚೂರು ಕಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಪೆಟ್ಟಿಗೆಯನ್ನು ಬಿಟ್ಟು ತನ್ನ ತಲೆಯನ್ನು ವಾಲಿಸಿದಳು, ಮೇಲಿನ ಪದರಗಳು ಕಣ್ಣಿಗೆ ಮಟ್ಟವಾಗುವ ತನಕ. "ಇದು ಕೂತಾಗ ಮಟ್ಟವಾಗಿಯೇ ಇತ್ತು ಅಲ್ವಾ? ಹಾಗಿದ್ದರೆ ಆಗ ಕೆಳಗಿನದು ವಾಲಿತ್ತು. ನೀನು ಎರಡು ಸಲ ವಾಲಿಸಿದ್ದೀಯ." ಅಳೆದು 14 ಡಿಗ್ರಿ ಅಂದಳು. ನಾನು ಕೊಟ್ಟಿದ್ದು 15. ಬಯಲಿನಲ್ಲಿ ಭೂವಿಜ್ಞಾನಿಗಳು ಮಾಡುವುದೂ ಇದನ್ನೇ, ಹೊಸ ಪದರವನ್ನು ಲೆಕ್ಕದಲ್ಲಿ ಮಟ್ಟಕ್ಕೆ ತಂದು, ಆಗ ಹಳೆಯದು ಎಷ್ಟು ವಾಲಿತ್ತು ಅಂತ ನೋಡುತ್ತಾರೆ. ಪೆಟ್ಟಿಗೆ ಮಟ್ಟಕ್ಕೆ ಇಟ್ಟ ನನ್ನ ಅವಸರ ಎರಡನೇ ಭೂಚಲನೆಯಾಗಿತ್ತು, ಅದೂ ಕಲ್ಲಿನಲ್ಲಿ ದಾಖಲಾಗಿತ್ತು.

ನದಿ, ಬಯಲು, ದಡ, ಆಳ, ಕುಸಿತ, ಎಲ್ಲ ಸರಿಯಾಗಿ ಹೇಳಿದಳು. ಕೊರೆದ ಗೆರೆಗೆ ಎಷ್ಟು ದಿನ ಹಿಡಿಯಿತು ಅಂತ ಕೇಳಿದೆ. ಎರಡು ದಿನ ಅಂದಳು. ನಾನು ಅದನ್ನು ಹಾಗೇ ಬಿಟ್ಟು ಹೋಗಿದ್ದು 19 ದಿನ.

"ಗೆರೆಯಲ್ಲಿ ಅದು ಎಲ್ಲೂ ಇಲ್ಲವಲ್ಲೋ," ಅಂದಳು.

ನಿಜವಾದ ಕಲ್ಲಿನಲ್ಲಿ ಗೆರೆಯ ಕೆಳಗಿನ ಪದರಕ್ಕೂ ಮೇಲಿನ ಪದರಕ್ಕೂ ಬೇರೆ ಬೇರೆ ವಯಸ್ಸು ಹಿಡಿಯುತ್ತಾರೆ, ಪಳೆಯುಳಿಕೆಯಿಂದ, ಇಲ್ಲವೇ ನಡುನಡುವೆ ಸಿಗುವ ಜ್ವಾಲಾಮುಖಿ ಬೂದಿಯ ಹರಳುಗಳಿಂದ. ಸಿಕ್ಕಾರ್ ಪಾಯಿಂಟ್‌ನ ಆರು ಕೋಟಿ ವರ್ಷದ ಖಾಲಿ ಲೆಕ್ಕ ಸಿಕ್ಕಿದ್ದೂ ಹೀಗೆ, ಕೆಳಗಿನ ವಯಸ್ಸಿನಿಂದ ಮೇಲಿನದನ್ನು ಕಳೆದು. ನನ್ನ ಪೆಟ್ಟಿಗೆಯಲ್ಲಿ ಅದಕ್ಕೆ ಏನೂ ಇರಲಿಲ್ಲ. ಮುಂದಿನ ಸಲ ಪ್ರತಿ ಏಳನೇ ದಿನಕ್ಕೆ ಒಂದು ಚಿಟಿಕೆ ಇದ್ದಿಲ ಪುಡಿ ಉದುರಿಸಬೇಕು ಅಂತ ಅವಳೇ ಹೇಳಿದಳು, ಯಾವ ವಾರದ ಪುಡಿ ಯಾವ ಪದರದಲ್ಲಿದೆ ಅಂತ ಎಣಿಸಬಹುದು, ಕೆರೆದು ಹೋದ ವಾರಗಳೂ ಗೊತ್ತಾಗುತ್ತವೆ. ಇದ್ದಿಲು ಅರೆದು ಜರಡಿ ಹಿಡಿದಿಟ್ಟಿದ್ದೇನೆ. ಪೆಟ್ಟಿಗೆ ಮಾತ್ರ ಇನ್ನೂ ಖಾಲಿ ಮಾಡಿಲ್ಲ.